ಮಕ್ಕಳು ಸರಾಗವಾಗಿ ಓದ್ತಾರೆ, "ಯಾಕೆ?" ಅಂದ್ರೆ ಬಾಯಿ ಬಿಡಲ್ಲ. "ಊಟ ಆಯ್ತಾ?" ಅಂದ್ರೂ ಅದೇ ಪಾಡು

ಐದನೇ ಕ್ಲಾಸ್ ಮಿಸ್

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಪಾಠ ಮಾಡ್ತೀನಿ. ನಮ್ಮ ಐದನೇ ಕ್ಲಾಸಿನ ಮಕ್ಕಳು ಓದೋದರಲ್ಲಿ ಜೋರು. ಒತ್ತಕ್ಷರಕ್ಕೂ ಹೆದರಲ್ಲ, ತಡವರಿಸಲ್ಲ. ಬಾಯಾರಿದ ಕಾಗೆ ಕಥೆ ಓದಿಸಿ "ಕಾಗೆ ಹೂಜಿಯೊಳಗೆ ಏನು ಹಾಕಿತು?" ಅಂದ್ರೆ ಇಡೀ ಕ್ಲಾಸು "ಕಲ್ಲೂ" ಅಂತ ಕೂಗುತ್ತೆ. "ಹೂಜಿ ಉರುಳಿಸಿದ್ರೆ ಬೇಗ ಆಗ್ತಿತ್ತಲ್ಲ, ಕಾಗೆ ಯಾಕೆ ಹಾಗೆ ಮಾಡಲಿಲ್ಲ?" ಅಂದ್ರೆ ಎಲ್ಲರ ತಲೆ ಪುಸ್ತಕದೊಳಗೆ. ಆ ಸಾಲು ಹುಡುಕ್ತಾರೆ. ಸಿಗಲ್ಲ. ಸುಮ್ಮನೆ ಕೂರ್ತಾರೆ.

ಇನ್ನೊಂದು ಹೇಳ್ತೀನಿ. ಮೊನ್ನೆ ಸಿಆರ್‌ಪಿ (ನಮ್ಮ ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಬಂದಿದ್ದರು. ಒಳ್ಳೆ ಮನುಷ್ಯ, ಬಿಸಿಯೂಟ ಮುಗಿದ ಹೊತ್ತು, ಪ್ರೀತಿಯಿಂದ "ಏನ್ರಪ್ಪಾ, ಊಟ ಆಯ್ತಾ?" ಅಂದರು. ಮಕ್ಕಳು ದಡಕ್ಕನೆ ಎದ್ದು ನಿಂತು "ಗುಡ್ ಆಫ್ಟರ್‌ನೂನ್ ಸಾ...ರ್" ಅಂತ ರಾಗ ಎಳೆದರು. ಅವರು ಮತ್ತೆ "ಊಟ ಆಯ್ತಾ ಅಂತ ಕೇಳಿದೆ" ಅಂದಾಗ ಎಲ್ಲರೂ ನನ್ನ ಮುಖ ನೋಡಿದರು. ಇದೇ ಮಕ್ಕಳ ಮನೆ ಮುಂದೆ ನಾನು ಹಾದು ಹೋದರೆ "ಮಿಸ್ ಬರ್ರಿ, ಮುದ್ದೆ ಆಗೈತೆ, ಉಂಡು ಹೋಗ್ರಿ" ಅಂತ ಕೈ ಹಿಡಿದು ಎಳೀತಾರೆ. ಮಾತು ಬರಲ್ಲ ಅಂತಲ್ಲ.

ಇವೆರಡೂ ಒಂದೇ ತೊಂದರೆ ಅಂತ ನನಗೆ ಅನ್ನಿಸ್ತಿದೆ. ಎದುರಿನವರು ಏನು ಕೇಳಿದರು ಅಂತ ಕಿವಿಗೊಡೋದಕ್ಕೆ ಮೊದಲೇ ಕಲಿಸಿದ ಉತ್ತರ ಬಾಯಿಗೆ ಬಂದುಬಿಡುತ್ತೆ. ಕಲಿಸಿದ್ದು ಇಲ್ಲ ಅಂದ್ರೆ ಮೌನ. ನೀವೆಲ್ಲ ಇದಕ್ಕೆ ಏನು ಮಾಡ್ತೀರಿ?

ಸೀಮೆಸುಣ್ಣ

ನಿವೃತ್ತ ಮೇಷ್ಟ್ರು ನಾನು. ಒಂದೇ ಪ್ರಶ್ನೆ ಮೇಡಂ. "ಯಾಕೆ?" ಅಂತ ಕೇಳಿದ ಮೇಲೆ ಎಷ್ಟು ಹೊತ್ತು ಕಾಯ್ತೀರಿ?

ಐದನೇ ಕ್ಲಾಸ್ ಮಿಸ್

ಕಾಯ್ತೀನಿ ಸರ್, ಆದ್ರೆ ಎಷ್ಟು ಅಂತ ಲೆಕ್ಕ ಇಟ್ಟಿಲ್ಲ.

ಸೀಮೆಸುಣ್ಣ

ಲೆಕ್ಕ ಇಡಿ. ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನೋ ವಿಜ್ಞಾನ ಶಿಕ್ಷಣದ ತಜ್ಞೆ 1970ರ ದಶಕದಲ್ಲೇ ಟೇಪ್ ರೆಕಾರ್ಡರ್ ಇಟ್ಟು ತರಗತಿಗಳನ್ನು ಅಳೆದಿದ್ದರು. ಟೀಚರುಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಕಾಯ್ತಾರೆ, ಅಷ್ಟರಲ್ಲಿ ಬೇರೆ ಮಗೂನ ಕೇಳ್ತಾರೆ ಇಲ್ಲಾ ತಾವೇ ಹೇಳಿಬಿಡ್ತಾರೆ. ಅದನ್ನು ಮೂರು ಸೆಕೆಂಡು ಅಥವಾ ಇನ್ನೂ ಸ್ವಲ್ಪ ಜಾಸ್ತಿ ಮಾಡಿದಾಗ ಉತ್ತರಗಳು ಉದ್ದ ಆದವು, ಸುಮ್ಮನೆ ಕೂತಿದ್ದ ಮಕ್ಕಳೂ ಬಾಯಿ ಬಿಟ್ಟರು. ಮೂರು ಸೆಕೆಂಡು ಅಂದ್ರೆ ಏನು ಮಹಾ ಅಂತ ಅನ್ನಿಸುತ್ತೆ. ತರಗತಿಯಲ್ಲಿ ನಿಂತು ನೋಡಿ, ಒಂದು ಯುಗದ ಹಾಗೆ ಇರುತ್ತೆ.

ನಾನು ಮಾಡ್ತಿದ್ದದ್ದು ಇಷ್ಟು. ಪ್ರಶ್ನೆ ಕೇಳಿ ಕಿಟಕಿ ಕಡೆ ನಡೆದು ಹೋಗಿ ಆಚೆ ನೋಡ್ತಿದ್ದೆ. ಮಗುವಿನ ಮುಖವನ್ನೇ ದಿಟ್ಟಿಸಿ ನಿಂತರೆ ಅದಕ್ಕೆ ಯೋಚನೆ ಮಾಡೋಕೆ ಆಗಲ್ಲ. ಇನ್ನೊಂದು, ಮೊದಲು ಕೈ ಎತ್ತಿದವನನ್ನು ಕೇಳ್ತಿರಲಿಲ್ಲ. ಅವನು ಹೇಳಿಬಿಟ್ಟ ಅಂದ್ರೆ ಉಳಿದ ಮೂವತ್ತು ಜನಕ್ಕೆ ಯೋಚನೆ ಮಾಡೋ ಕೆಲಸ ಅಲ್ಲಿಗೇ ಮುಗೀತು.

ಗಂಗಾವತಿ ಭತ್ತ

ಸರ್, ಕೇಳೋಕೆ ಚೆನ್ನಾಗಿದೆ. ನಲವತ್ತು ನಿಮಿಷದ ಪೀರಿಯಡ್, ಅದರಲ್ಲಿ ಹಾಜರಿ, ಹೋಂವರ್ಕ್, ಮಧ್ಯೆ ಆಫೀಸಿನಿಂದ ಯಾವುದೋ ಮಾಹಿತಿ ತಕ್ಷಣ ಕಳಿಸಿ ಅಂತ ಮೆಸೇಜು. ಪಾಠ ಮುಗಿಸೋದು ಯಾವಾಗ?

ಸೀಮೆಸುಣ್ಣ

ಪಾಠ ಮುಗಿಯೋದು ಯಾರಿಗೆ? ನಿಮಗೆ ಮುಗಿಯುತ್ತೆ. ಮಕ್ಕಳಿಗೆ ಶುರುವೇ ಆಗಿರಲ್ಲ. ಕೋಪ ಮಾಡ್ಕೋಬೇಡಿ, ನೀವು ಹೇಳೋ ಒತ್ತಡ ನಾನೂ ಅನುಭವಿಸಿದ್ದೇನೆ. ಹತ್ತು ಪ್ರಶ್ನೆ ಕೇಳೋ ಕಡೆ ಮೂರು ಕೇಳಿ. ಸಮಯ ಅಲ್ಲೇ ಸಿಗುತ್ತೆ.

ರಾಜಾಜಿನಗರದ ಅಮ್ಮ

ನಾನು ಟೀಚರ್ ಅಲ್ಲ, ತಾಯಿ. ನನ್ನ ಕೋಪ ಬೇರೆ. ನಮ್ಮ ಹುಡುಗ ಆರನೇ ಕ್ಲಾಸು, ಖಾಸಗಿ ಶಾಲೆ. ಪಾಠ ಮುಗಿದ ತಕ್ಷಣ ಪ್ರಶ್ನೋತ್ತರ ಬೋರ್ಡ್ ಮೇಲೆ ಬರುತ್ತೆ, ನೋಟ್ಸಿಗೆ ಇಳಿಸ್ಕೋತಾರೆ, ಅದನ್ನೇ ಉರು ಹೊಡೀತಾರೆ. ಒಂದು ಸಲ ಟೆಸ್ಟಿನಲ್ಲಿ ಇವನು ತನ್ನದೇ ಮಾತಿನಲ್ಲಿ ಬರೆದ. ಅರ್ಥ ಸರಿ ಇತ್ತು, ಕಾಗುಣಿತವೂ ಸರಿ. ಅರ್ಧ ಅಂಕ ಹೋಯ್ತು. ಪಕ್ಕದಲ್ಲಿ "ನೋಟ್ಸ್ ನೋಡು" ಅಂತ ಬರೆದಿದ್ದರು. ಅವತ್ತಿನಿಂದ ಅವನು ಸ್ವಂತ ಮಾತು ಬರೆಯೋದೇ ಬಿಟ್ಟ. "ಅಮ್ಮಾ, ಮಿಸ್ ಕೊಟ್ಟಿರೋದೇ ಬರೀತೀನಿ, ಸುಮ್ನೆ ಯಾಕೆ ರಿಸ್ಕು" ಅಂತಾನೆ. ಹನ್ನೊಂದು ವರ್ಷದ ಹುಡುಗ ಆಡೋ ಮಾತಾ ಇದು?

ಮಕ್ಕಳು ಯಾಕೆ ಸುಮ್ಮನಿರ್ತಾರೆ ಅಂತ ಕೇಳ್ತೀರಲ್ಲ ಮಿಸ್, ಹೀಗೆ ಸುಮ್ಮನಾಗ್ತಾರೆ.

ಕೆಂಪು ಪೆನ್ನು

ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಹೋಗೋನು ನಾನು. ಅಮ್ಮ, ನಿಮ್ಮ ಮಗನಿಗೆ ಹೇಳಿ, ದೊಡ್ಡ ಪರೀಕ್ಷೆಯಲ್ಲಿ ಸ್ವಂತ ಮಾತಿಗೆ ಅಂಕ ಕೊಟ್ಟೇ ಕೊಡ್ತೀವಿ. ಅರ್ಥ ಸರಿ ಇದ್ದರೆ ಸಾಕು. ಆದ್ರೆ ಅಂಥ ಉತ್ತರ ಸಿಗೋದು ಅಪರೂಪ, ಅದೇ ಬೇಜಾರು.

ಪ್ರಥಮ ಭಾಷೆ ಕನ್ನಡದಲ್ಲಿ "ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ" ಅಂತ ಬರುತ್ತಲ್ಲ. ಆಯ್ಕೆ (ಕೊಟ್ಟಿರೋ ಮಾತು ಯಾವ ಪಾಠದ್ದು, ಯಾರು ಬರೆದದ್ದು), ಸಂದರ್ಭ, ಸ್ವಾರಸ್ಯ ಅಂತ ಮೂರು ಭಾಗ. ಆಯ್ಕೆ ಎಲ್ಲರೂ ಬರೀತಾರೆ, ಗೈಡಿನಲ್ಲಿ ಇರುತ್ತೆ. ಸಂದರ್ಭ ಸುಮಾರು ಜನ ಬರೀತಾರೆ. ಸ್ವಾರಸ್ಯಕ್ಕೆ ಬಂದ್ರೆ ಕಟ್ಟಿನಲ್ಲಿರೋ ಎಲ್ಲ ಪತ್ರಿಕೆಯಲ್ಲೂ ಒಂದೇ ಸಾಲು: "ಈ ಮಾತು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ." ಅಷ್ಟೇ! ಆ ಮಾತಿನಲ್ಲಿ ಏನು ಸೊಗಸು, ಅದು ಯಾಕೆ ಮನಸ್ಸಿಗೆ ತಟ್ಟುತ್ತೆ ಅನ್ನೋದಕ್ಕೆ ಇಟ್ಟಿರೋ ಜಾಗ ಅದು. ಹತ್ತು ವರ್ಷ ಕನ್ನಡ ಓದಿದ ಹುಡುಗ ಹುಡುಗಿ ತಮಗೆ ಏನು ಅನ್ನಿಸ್ತು ಅಂತ ಒಂದು ಸಾಲು ಬರೆಯಲ್ಲ. ಎಲ್ಲೋ ಒಬ್ಬರು ಬರೆದಾಗ ಪಕ್ಕದ ಟೇಬಲ್ಲಿನವರಿಗೂ ಓದಿ ಹೇಳ್ತೀವಿ, ಅಷ್ಟು ಖುಷಿ ಆಗುತ್ತೆ.

ರಾಜಾಜಿನಗರದ ಅಮ್ಮ

ಥ್ಯಾಂಕ್ಸ್ ಸರ್. ಇವತ್ತು ರಾತ್ರಿ ಅವನಿಗೆ ಇದನ್ನೇ ಓದಿ ಹೇಳ್ತೀನಿ.

ಹಳೇ ಡಯಟ್ ವಿದ್ಯಾರ್ಥಿ

ಪುಸ್ತಕದಲ್ಲಿ ಸಾಲು ಹುಡುಕೋ ಚಟದ ಬಗ್ಗೆ ಒಂದು ಪ್ರಯೋಗ ಕೊಡ್ತೀನಿ. ಟೀಚರ್ ತರಬೇತಿಯಲ್ಲಿ ಇಂಥದ್ದನ್ನು ಮಾಡಿಸ್ತಾರೆ. ಇದು ನಾನೇ ಕಟ್ಟಿದ್ದು, ಓದಿ:

"ಗಿಲ್ಲಪ ಮುಂಜಾನೆ ಜೋಮಡಿಯಲ್ಲಿ ಟಿರಕಿದ. ಟಿರಕಿದ ಮೇಲೆ ಅವನಿಗೆ ಎರಡು ಲೋಬಣ ಸಿಕ್ಕವು. ಒಂದನ್ನು ಪಿಸುರಿದ, ಇನ್ನೊಂದನ್ನು ತಂಗಿಗೆ ಕೊಟ್ಟ."

ಈಗ ಪ್ರಶ್ನೆ. ಗಿಲ್ಲಪ ಎಲ್ಲಿ ಟಿರಕಿದ? ಅವನಿಗೆ ಎಷ್ಟು ಲೋಬಣ ಸಿಕ್ಕವು? ಒಂದನ್ನು ಏನು ಮಾಡಿದ?

ಮೂರಕ್ಕೂ ನೀವು ಸರಿ ಉತ್ತರ ಹೇಳಿದಿರಿ ಅಲ್ವಾ? ಮೂರಕ್ಕೆ ಮೂರು ಅಂಕ. ನಿಮಗೆ ಅರ್ಥ ಆಗಿದ್ದು ಎಷ್ಟು? ನಮ್ಮ ಪಾಠಗಳ ಕೊನೆಯಲ್ಲಿ ಬರೋ "ಒಂದು ವಾಕ್ಯದಲ್ಲಿ ಉತ್ತರಿಸಿ" ಪ್ರಶ್ನೆಗಳಲ್ಲಿ ಬೇಕಾದಷ್ಟು ಹೀಗೇ ಇವೆ. ಪ್ರಶ್ನೆಯಲ್ಲಿರೋ ಪದ ಪಾಠದಲ್ಲಿ ಎಲ್ಲಿದೆ ಅಂತ ಹುಡುಕಿ, ಅದರ ಪಕ್ಕದ ಪದ ಎತ್ತಿ ಬರೆದರೆ ಸಾಕು.

ರಾಜಾಜಿನಗರದ ಅಮ್ಮ

ಈಗ ತಾನೇ ಮಗನಿಗೆ ಕೊಟ್ಟೆ. ಮೂರೂ ಸರಿ ಬರೆದ. "ಲೋಬಣ ಅಂದ್ರೆ ಏನೋ?" ಅಂದೆ. "ಅದು ಸಿಲಬಸ್‌ನಲ್ಲಿ ಇಲ್ಲಮ್ಮ" ಅಂದ. ನನಗೆ ಮಾತೇ ಹೊರಡಲಿಲ್ಲ.

ಬಳ್ಳಾರಿ ಬಿಸಿಲು

ಸುಮ್ನೆ ಎಲ್ಲದಕ್ಕೂ ಉರು ಹೊಡೆಯೋದನ್ನ ಬೈಬೇಡಿ. ಅಂಥ ನೇರ ಪ್ರಶ್ನೆಗಳೂ ಬೇಕು. ಓದೋದನ್ನೇ ತಡವಾಗಿ ಕಲಿತ ಮಗುವಿಗೆ "ಎಲ್ಲಿ?", "ಯಾರು?" ಅನ್ನೋದಕ್ಕೆ ಉತ್ತರ ಸಿಕ್ಕಾಗ ಧೈರ್ಯ ಬರುತ್ತೆ. ಅಸರ್ ಸಮೀಕ್ಷೆಯವರು ಹಳ್ಳಿ ಹಳ್ಳಿಗೆ ಹೋಗಿ 2005ರಿಂದ ಅಕ್ಷರ, ಪದ, ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಅಂತ ಓದಿಸಿ ನೋಡ್ತಿದ್ದಾರೆ. ಐದನೇ ಕ್ಲಾಸಿಗೆ ಬಂದರೂ ಆ ಕಥೆ ಓದೋಕಾಗದ ಮಕ್ಕಳು ಇದ್ದಾರೆ ಅಂತ ಪ್ರತಿ ಸಲ ಹೇಳ್ತಾರೆ. ಮೊದಲು ಓದಲಿ, ಆಮೇಲೆ "ಯಾಕೆ".

ಸೀಮೆಸುಣ್ಣ

ಮೊದಲು ಇದು ಆಮೇಲೆ ಅದು ಅನ್ನೋದನ್ನು ನಾನು ಒಪ್ಪಲ್ಲ. ಮೂರು ವರ್ಷದ ಮಗು ಅಕ್ಷರ ಕಲಿಯೋ ಮೊದಲೇ ದಿನವಿಡೀ "ಯಾಕೆ ಯಾಕೆ" ಅಂತ ತಲೆ ತಿನ್ನುತ್ತೆ. ಕಥೆ ನೀವು ಓದಿ ಹೇಳಿ, "ಯಾಕೆ" ಅಂತ ಕೇಳಿ. ಓದೋದು ಅದರ ಜೊತೆಜೊತೆಗೆ ಬರಲಿ. 2021ರಲ್ಲಿ ಬಂದ ನಿಪುಣ್ ಭಾರತ್ ಯೋಜನೆಯಲ್ಲೂ ಮೂರನೇ ತರಗತಿಯೊಳಗೆ ಅರ್ಥ ಮಾಡ್ಕೊಂಡು ಓದೋದು ಬರಬೇಕು ಅಂತಲೇ ಇರೋದು. ಬರೀ ಓದೋದು ಅಂತಲ್ಲ.

ಶಿರಾ ಸೀಮೆ ಮೇಷ್ಟ್ರು

ಕುರಿ ಸಾಕೋ ಮನೆ ಮಕ್ಕಳೇ ಜಾಸ್ತಿ ಇರೋ ಶಾಲೆ ನಮ್ಮದು. ನಾನು ಬೋರ್ಡ್ ಮೇಲೆ ನಾಲ್ಕು ಸಾಲು ಬರೆದೆ:

"ರಂಗಪ್ಪ ಬೆಳಿಗ್ಗೆ ಒಂದು ಕುರಿ ಹೊಡಕೊಂಡು ಸಂತೆಗೆ ಹೋದ. ಸಂಜೆ ಬರಿಗೈಯಲ್ಲಿ ಮನೆಗೆ ಬಂದ. ಹೆಂಡತಿ ಬಾಗಿಲಲ್ಲಿ ನಿಂತು ಅವನನ್ನೇ ನೋಡಿದಳು. ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ."

"ಕುರಿ ಏನಾಯ್ತು?" ಅಂತ ಕೇಳಿದೆ. ಮೊದಲಿಗೆ ಎಲ್ಲರೂ "ಬರ್ದಿಲ್ಲ ಸಾ" ಅಂದರು. "ಬರ್ದಿಲ್ಲ, ನಂಗೊತ್ತು. ನೀವು ಹೇಳಿ" ಅಂದೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ಅಲ್ಲಿಯವರೆಗೆ ಉತ್ತರವೇ ಹೇಳದವನು, ನಿಂತು "ಕಳ್ದೋಗಿರಬೇಕು ಸಾ" ಅಂದ. "ಹೆಂಗೆ ಹೇಳ್ತೀಯಾ?" "ಮಾರಿದ್ರೆ ದುಡ್ಡು ಇರೋದು ಸಾ, ಬರಿಗೈ ಅಂತ ಯಾಕೆ ಬರೀತಿದ್ರಿ?" ಇನ್ನೊಬ್ಬಳು ಎದ್ದು "ಇಲ್ಲ ಸಾ, ಮಾರವ್ನೆ, ಸಾಲ ಕೊಟ್ಟೋನು ಸಂತೆಯಲ್ಲೇ ದುಡ್ಡು ಕಿತ್ಕೊಂಡವ್ನೆ" ಅಂದಳು. ಮೂರನೆಯವನು "ಕುಡಿದು ಕಳೆದಿರ್ತಾನೆ, ಅದಕ್ಕೇ ಹೆಂಡ್ತಿ ಹಂಗ್ ನೋಡಿದ್ದು" ಅಂದ. ಕ್ಲಾಸು ಮೂರು ಪಾಳಯ ಆಯ್ತು. ಬೆಲ್ ಹೊಡೆದರೂ ಜಗಳ ನಿಲ್ಲಲಿಲ್ಲ.

ಬಳ್ಳಾರಿ ಬಿಸಿಲು

ಇದರಲ್ಲಿ ಸರಿ ಉತ್ತರ ಯಾವುದು ಮತ್ತೆ? ಎಲ್ಲವೂ ಸರಿ ಅಂದ್ರೆ ಕಲಿಸಿದ್ದೇನು?

ಶಿರಾ ಸೀಮೆ ಮೇಷ್ಟ್ರು

ಎಲ್ಲವೂ ಸರಿ ಅಂತ ನಾನು ಹೇಳಲ್ಲ. ಒಬ್ಬ "ಚಿರತೆ ತಿಂತು" ಅಂದ. "ಯಾವ ಸಾಲು ನೋಡಿ ಹೇಳ್ದೆ, ಬೆರಳಿಡು" ಅಂದೆ. ಅವನಿಗೆ ಬೆರಳಿಡೋಕೆ ಜಾಗ ಸಿಗಲಿಲ್ಲ, ತಾನೇ ಕೂತ. ಸಾಲದ ಉತ್ತರ ಹೇಳಿದವಳು "ಬರಿಗೈ" ಮೇಲೆ ಒಂದು ಬೆರಳು, "ಯಾರೂ ಉಣ್ಣಲಿಲ್ಲ" ಮೇಲೆ ಇನ್ನೊಂದು ಬೆರಳು ಇಟ್ಟಳು. ನಾನು ಕೇಳೋದು ಇಷ್ಟೇ: ನಿನ್ನ ಮಾತಿಗೆ ಬೆರಳಿಡೋಕೆ ಜಾಗ ಇದೆಯಾ? ಇದ್ದರೆ ಆ ಉತ್ತರ ನಿಲ್ಲುತ್ತೆ. ಇಬ್ಬರಿಗೂ ಜಾಗ ಇದ್ದರೆ ಯಾರದ್ದು ಗಟ್ಟಿ ಅಂತ ಅವರೇ ವಾದ ಮಾಡಲಿ.

ಐದನೇ ಕ್ಲಾಸ್ ಮಿಸ್

ಬೆರಳಿಡು ಅನ್ನೋದು ಬಹಳ ಇಷ್ಟ ಆಯ್ತು ಸರ್. ಪುಸ್ತಕದಲ್ಲಿ ಹುಡುಕೋ ಅಭ್ಯಾಸ ನಮ್ಮ ಮಕ್ಕಳಿಗೆ ಇದ್ದೇ ಇದೆ. ಅದನ್ನೇ ಹಿಂದುಮುಂದು ಮಾಡಿದ ಹಾಗಾಯ್ತು. ಮೊದಲು ತಾವು ಯೋಚನೆ ಮಾಡಿ ಹೇಳೋದು, ಆಮೇಲೆ ಪುಸ್ತಕಕ್ಕೆ ಹೋಗೋದು.

ಧಾರವಾಡ ಮಾಳಮಡ್ಡಿ

ಒಂದು ಮಾತು ಹೇಳಲೇಬೇಕ್ರೀ. ನಾನು ನೋಡಿದ ಒಂದು ತರಗತಿ. ಅದೇ ಕಾಗೆ ಕಥೆ, ಅದೇ ಉರುಳಿಸೋ ಪ್ರಶ್ನೆ. ಒಬ್ಬ ಹುಡುಗ ಚಂದ ಉತ್ತರ ಕೊಟ್ಟ: "ನೀರೆಲ್ಲಾ ಚೆಲ್ಲಿ ಹೊಕ್ಕಿತ್ರಿ." ಟೀಚರ್ ಏನು ಮಾಡಿದರು? "ಹೊಕ್ಕಿತ್ರಿ ಅಲ್ಲ, ಚೆಲ್ಲಿ ಹೋಗುತ್ತಿತ್ತು ಅಂತ ಹೇಳು." ಅವನು ಹಾಗೇ ಹೇಳಿ ಕೂತ. ಅವನ ಮುಖ ನೋಡಿದರೆ ಗೊತ್ತಾಗ್ತಿತ್ತು, ತನ್ನ ಉತ್ತರವೇ ತಪ್ಪು ಅಂದ್ಕೊಂಡಿದ್ದ. ಕಾಗೆಯ ಬುದ್ಧಿ ಹಿಡಿದ ಹುಡುಗನಿಗೆ ಯಾರೂ ಭೇಷ್ ಅನ್ನಲಿಲ್ಲ. ಮತ್ತೆ ಅವನು ಕೈ ಎತ್ತಲಿಲ್ಲ.

ಬಳ್ಳಾರಿ ಬಿಸಿಲು

ಪುಸ್ತಕದ ಕನ್ನಡ ಕಲಿಸಬೇಡ ಅಂತೀರಾ? ನಾಳೆ ಪರೀಕ್ಷೆಯಲ್ಲಿ "ಹೊಕ್ಕಿತ್ರಿ" ಅಂತ ಬರೀಬೇಕಾ?

ಧಾರವಾಡ ಮಾಳಮಡ್ಡಿ

ಹಂಗೆ ಯಾರು ಹೇಳಿದರ್ರೀ? ಬರೆಯೋವಾಗ ಬರೆಯೋ ಕನ್ನಡ ಕಲಿಸೋಣ, ಅದು ನಮ್ಮ ಕೆಲಸ. ಆದ್ರೆ ಬಾಯಿಂದ ಉತ್ತರ ಬಂದಾಗ ಮೊದಲು ಉತ್ತರಕ್ಕೆ ಉತ್ತರ ಕೊಡಬೇಕು. "ಹೌದಲ್ಲ, ನೀರು ಚೆಲ್ಲಿ ಹೋಗುತ್ತಿತ್ತು, ಆಮೇಲೆ ಕಾಗೆ ಏನು ಕುಡೀಬೇಕಿತ್ತು?" ಅಂತ ಟೀಚರ್ ತಮ್ಮ ಮಾತಿನಲ್ಲಿ ಸೇರಿಸಿ ಹೇಳಿದರೆ ಹುಡುಗನಿಗೆ ಎರಡೂ ಸಿಗುತ್ತೆ. ಶಬ್ದ ತಿದ್ದೋದು ಐದು ನಿಮಿಷ ತಡ ಆದ್ರೆ ಏನೂ ಆಗಲ್ಲ.

ಇಂಡಿ ರಸ್ತೆ

ಸರಿಯಾಗಿ ಹೇಳಿದಿರಿ. ವಿಜಯಪುರ ಜಿಲ್ಲೆಯ ತಾಂಡಾ ಶಾಲೆಯಲ್ಲಿ ಇದ್ದೆ ನಾನು. ಅಲ್ಲಿನ ಮಕ್ಕಳ ಮನೆಮಾತು ಲಂಬಾಣಿ. ಒಂದನೇ ಕ್ಲಾಸಿಗೆ ಬಂದ ಮಗುವಿಗೆ "ಹೇಗಿದ್ದೀಯಾ?" ಅಂತ ಕೇಳಿದರೆ ಅದಕ್ಕೆ ಅದು ಪ್ರಶ್ನೆ ಅಂತಲೇ ಗೊತ್ತಾಗಲ್ಲ, ಬೈತಿದ್ದಾರೇನೋ ಅಂತ ನೋಡುತ್ತೆ. ಬೆಳಿಗ್ಗೆ ಬಾಗಿಲಲ್ಲಿ ನಿಂತು "ಜೈ ಸೇವಾಲಾಲ್" ಅಂದ್ರೆ ಮುಖ ಅರಳುತ್ತಿತ್ತು. ಅಲ್ಲಿಂದ ಮೆಲ್ಲಗೆ ಕನ್ನಡಕ್ಕೆ ಬರ್ತಿದ್ದೆವು. ಕಥೆ ಕನ್ನಡದಲ್ಲಿ ಹೇಳ್ತಿದ್ದೆ, ಉತ್ತರ ಲಂಬಾಣಿಯಲ್ಲಿ ಹೇಳಿದರೂ ತಗೊಳ್ತಿದ್ದೆ, ದೊಡ್ಡ ಮಕ್ಕಳು ಕನ್ನಡ ಮಾಡಿ ಹೇಳ್ತಿದ್ದರು. ಗಡಿ ಭಾಗದಲ್ಲಿ ಮರಾಠಿ, ತೆಲುಗು ಮನೆಮಾತಿನವರಿಗೂ ಇದೇ ಕಷ್ಟ ಅಲ್ವಾ.

ಪುತ್ತೂರು ಬೆಟ್ಟು

ನಮ್ಮಲ್ಲಿ ತುಳು, ಬ್ಯಾರಿ, ಕೊಂಕಣಿ ಎಲ್ಲ ಒಂದೇ ಬೆಂಚಿನಲ್ಲಿ ಮಾರಾಯ್ರೇ. ಆದರೂ ಮಕ್ಕಳು ಮಾತಾಡ್ತಾರೆ. ಊರಿನಲ್ಲಿ ದೊಡ್ಡವರು ಮಕ್ಕಳನ್ನು ನಿಲ್ಲಿಸಿ ಮಾತಾಡಿಸ್ತಾರೆ, ಅದರ ಬಲ ಇದೆ ಅಂತ ನನಗೆ ಕಾಣ್ತದೆ. ರಸ್ತೆಯಲ್ಲಿ ಸಿಕ್ಕಿದರೆ "ಸೌಖ್ಯವಾ? ಅಪ್ಪ ಬಂದ್ರಾ ಊರಿಗೆ? ಅಡಿಕೆ ಕೊಯ್ಲು ಆಯ್ತಾ?" ಅಂತ ಕೇಳ್ತಾರೆ. ಮಗು "ಸೌಖ್ಯ, ಅಪ್ಪ ಶನಿವಾರ ಬರ್ತಾರೆ" ಅಂತ ಹೇಳಲೇಬೇಕು. ಹೀಗೆ ಮಾತಾಡಿಸೋರು ಈಗ ಕಮ್ಮಿ ಆಗಿದ್ದಾರೆ, ಎಲ್ಲ ಬೈಕಿನಲ್ಲಿ ಕೈ ಎತ್ತಿ ಹೋಗ್ತಾರೆ.

ಮಲೆನಾಡ ಮಳೆ

ಹೌದು! ನಮ್ಮ ಕಡೆ ಹೊರಟವರನ್ನು "ಎಲ್ಲಿಗೆ?" ಅಂತ ಕೇಳಬಾರದು. "ದೂರ ಹೊರಟ ಹಾಗಿದೆ?" ಅನ್ನಬೇಕು. ಅವರು "ಇಲ್ಲೇ, ಪೇಟೆ ಕಡೆ" ಅಂತಾರೆ. ಹಾಗೇ "ಹೋಗ್ತೀನಿ" ಅನ್ನಬಾರದು, "ಹೋಗಿ ಬರ್ತೀನಿ" ಅನ್ನಬೇಕು, ಅದಕ್ಕೆ "ಹೂಂ, ಹೋಗಿ ಬಾ" ಅನ್ನಬೇಕು. ಇದನ್ನೆಲ್ಲ ನಮಗೆ ಯಾರೂ ಕೂರಿಸಿ ಕಲಿಸಲಿಲ್ಲ.

ಗಂಗಾವತಿ ಭತ್ತ

ನಮ್ಮ ಕಡೆ "ಶರಣ್ರೀ" ಅಂದ್ರೆ "ಶರಣು ಶರಣ್ರೀ" ಅಂತ ತಿರುಗಿ ಅಂದೇ ಮುಂದೆ ಹೋಗ್ಬೇಕು. ಅನ್ನದೆ ಹೋದರೆ ಇಡೀ ಓಣಿಗೆ ಸುದ್ದಿ ಆಗುತ್ತೆ.

ಡಲ್ಲಾಸ್ ಅಪ್ಪ

ನಾನೂ ಇದೇ ಕಷ್ಟದಲ್ಲಿದ್ದೀನಿ, ಅದಕ್ಕೇ ಬರೀತಿದ್ದೀನಿ. ಮಗನಿಗೆ ಎಂಟು ವರ್ಷ. ವಾರಕ್ಕೊಮ್ಮೆ ಹಾಸನದಲ್ಲಿರೋ ನಮ್ಮ ಅಮ್ಮನಿಗೆ ವಿಡಿಯೋ ಕಾಲ್. ಅವನಿಗೆ ಕನ್ನಡ ಅರ್ಥ ಆಗುತ್ತೆ, ಭಾನುವಾರದ ಕನ್ನಡ ಶಾಲೆಗೂ ಹೋಗ್ತಾನೆ. ಅಮ್ಮ "ಊಟ ಆಯ್ತಾ ಕಂದಾ?" ಅಂದ್ರೆ "ಹೂಂ" ಅಂತಾನೆ. "ಸ್ಕೂಲ್ ಹೇಗಿತ್ತು?" "ಚೆನ್ನಾಗಿತ್ತು." ಫೋನ್ ನನ್ನ ಕೈಗೆ. ಅಮ್ಮ ಏನೂ ಅನ್ನಲ್ಲ, ಆದ್ರೆ ಅವರಿಗೆ ಎಷ್ಟು ನೋವಾಗುತ್ತೆ ಅಂತ ನನಗೆ ಗೊತ್ತು. ಏನು ಮಾಡಲಿ?

ರಾಜಾಜಿನಗರದ ಅಮ್ಮ

ತಿರುಗಿ ಕೇಳೋದನ್ನ ಕಲಿಸಿ. "ಆಯ್ತು ಅಜ್ಜಿ, ನಿಂದು ಆಯ್ತಾ? ಏನು ಮಾಡಿದ್ದೆ ಅಡುಗೆ?" ಅಂತ. ಅಷ್ಟು ಕೇಳಿದರೆ ಅಜ್ಜಿ ಹತ್ತು ನಿಮಿಷ ಮಾತಾಡ್ತಾರೆ.

ಹಳೇ ಡಯಟ್ ವಿದ್ಯಾರ್ಥಿ

ಇದೂ ಉರು ಹೊಡೆಸಿದ ಹಾಗೇ ಆಗಲ್ವಾ? ಗುಡ್ ಆಫ್ಟರ್‌ನೂನ್ ಸಾರ್ ಬದಲು ಇನ್ನೊಂದು.

ರಾಜಾಜಿನಗರದ ಅಮ್ಮ

ಇಲ್ಲ. ಕುಶಲ ಕೇಳೋ ಮಾತು ಎಲ್ಲರಿಗೂ ಬಾಯಿಪಾಠವೇ, ನಿಮಗೂ ನನಗೂ. ಅದಕ್ಕೆ ತಲೆ ಓಡಿಸೋ ಅಗತ್ಯ ಇಲ್ಲ. ಆದ್ರೆ ಅಜ್ಜಿ "ಹುರುಳಿಕಾಳು ಸಾರು" ಅಂದ ಮೇಲೆ ಅವನು ಮುಂದೇನು ಕೇಳ್ತಾನೆ ಅನ್ನೋದು ಯಾವ ಪುಸ್ತಕದಲ್ಲೂ ಇರಲ್ಲ. ಅದಕ್ಕೆ ಅಜ್ಜಿ ಹೇಳಿದ್ದನ್ನ ಕೇಳಿಸ್ಕೊಂಡಿರಬೇಕು. ಬಾಗಿಲು ತೆಗೆಯೋಕೆ ಬಾಯಿಪಾಠ ಇರಲಿ ಬಿಡಿ.

ಸೀಮೆಸುಣ್ಣ

ಅಮ್ಮನ ಮಾತು ಸರಿ. ಜೊತೆಗೆ ಡಲ್ಲಾಸಿನವರಿಗೆ ಇನ್ನೊಂದು. "ಸ್ಕೂಲ್ ಹೇಗಿತ್ತು?" ಅಂದ್ರೆ ದೊಡ್ಡವರೂ "ಚೆನ್ನಾಗಿತ್ತು" ಅಂತಲೇ ಹೇಳೋದು. ಪ್ರಶ್ನೆಯೇ ಅಷ್ಟು ಅಗಲ. ನಿಮ್ಮ ತಾಯಿಗೆ ಹೇಳಿ, "ಇವತ್ತು ಯಾರ ಪಕ್ಕ ಕೂತಿದ್ದೆ?", "ಡಬ್ಬಿಯಲ್ಲಿ ಏನಿತ್ತು, ಎಷ್ಟು ಬಿಟ್ಟೆ?" ಅಂತ ಕೇಳಲಿ. ಅವನ ಕೈಯಲ್ಲಿ ಒಂದು ಆಟದ ಸಾಮಾನು, ಬರೆದ ಚಿತ್ರ ಏನಾದರೂ ಇರಲಿ, ತೋರಿಸ್ತಾ ಮಾತಾಡಲಿ. ಕ್ಯಾಮೆರಾ ಮುಂದೆ ಮುಖಕ್ಕೆ ಮುಖ ಕೊಟ್ಟು ಕೂತರೆ ಮಕ್ಕಳಿಗೆ ಇಂಟರ್‌ವ್ಯೂ ಥರ ಆಗುತ್ತೆ.

ಡಲ್ಲಾಸ್ ಅಪ್ಪ

ಮಾಡಿ ನೋಡ್ತೀನಿ ಸರ್. ಅವನಿಗೆ ಲೆಗೋ ಅಂದ್ರೆ ಪ್ರಾಣ, ಅದನ್ನೇ ತೋರಿಸ್ತಾ ಶುರು ಮಾಡಿಸ್ತೀನಿ.

ಮೆಲುದನಿ

ಎಲ್ಲರೂ ಬರೆದದ್ದು ಓದಿದೆ. ಒಂದು ಕೋರಿಕೆ ಇದೆ. ನನ್ನ ಮಗಳು ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡ್ತಾಳೆ, ಮನೆ ಹೊಸ್ತಿಲು ದಾಟಿದರೆ ಗಂಟಲು ಕಟ್ಟಿದ ಹಾಗೆ ಆಗುತ್ತೆ. ಹಟ ಅಲ್ಲ, ಅಹಂಕಾರ ಅಲ್ಲ, ಅದೊಂದು ಆತಂಕ, ಅದಕ್ಕೆ ಚಿಕಿತ್ಸೆಯೂ ನಡೀತಿದೆ. ಮದುವೆ ಮನೆಗೆ ಹೋದರೆ "ನಮಸ್ತೆ ಹೇಳು, ಹೇಳು, ಬಾಯಿಲ್ವಾ ನಿಂಗೆ?" ಅಂತ ಸುತ್ತ ಹತ್ತು ಜನ ನಿಲ್ತಾರೆ. ಹೇಳೋ ತನಕ ಬಿಡಲ್ಲ ಅಂತ ಕೆಲವರು ಕೈ ಹಿಡ್ಕೋತಾರೆ. ಅವಳು ಅತ್ತುಬಿಡ್ತಾಳೆ, ಆಮೇಲೆ ಎರಡು ದಿನ ಮನೆಯಲ್ಲೂ ಮಾತಿಲ್ಲ. ಶಾಲೆಯಲ್ಲೂ "ಎದ್ದು ನಿಂತು ಜೋರಾಗಿ ಹೇಳು" ಅನ್ನೋದೇ ಅವಳಿಗೆ ಬೆಟ್ಟ. ಉತ್ತರ ಗೊತ್ತಿರುತ್ತೆ.

ದಯವಿಟ್ಟು ಕೈ ಮುಗಿದರೆ, ಕೈ ಬೀಸಿದರೆ, ತಲೆ ಆಡಿಸಿದರೆ ಅದನ್ನೂ ನಮಸ್ಕಾರ ಅಂತ ತಗೊಳ್ಳಿ. ಈ ವರ್ಷದ ಟೀಚರ್ ಅವಳಿಗೆ ಉತ್ತರವನ್ನು ಪಕ್ಕದ ಗೆಳತಿಯ ಕಿವಿಯಲ್ಲಿ ಹೇಳೋಕೆ ಬಿಟ್ಟಿದ್ದಾರೆ, ಗೆಳತಿ ಜೋರಾಗಿ ಹೇಳ್ತಾಳೆ. ಅಷ್ಟರಿಂದಲೇ ಮಗು ಶಾಲೆಗೆ ಖುಷಿಯಾಗಿ ಹೋಗ್ತಿದೆ.

ಐದನೇ ಕ್ಲಾಸ್ ಮಿಸ್

ನಿಮ್ಮ ಮಾತು ಮನಸ್ಸಿಗೆ ನಾಟಿತು. ನಮ್ಮ ಕ್ಲಾಸಲ್ಲೂ ಹಾಗಿರೋ ಒಬ್ಬಳಿದ್ದಾಳೆ. ಕಿವಿಯಲ್ಲಿ ಹೇಳಿಸೋದು ಎಲ್ಲ ಮಕ್ಕಳಿಗೂ ಮಾಡಬಹುದು ಅನ್ನಿಸ್ತಿದೆ. ಪ್ರಶ್ನೆ ಕೇಳಿ, ಮೊದಲು ಪಕ್ಕದವರಿಗೆ ಹೇಳಿ ಅಂತ. ಆಮೇಲೆ "ನಿನ್ನ ಪಕ್ಕದವಳು ಏನು ಹೇಳಿದಳು?" ಅಂತ ಕೇಳಿದರೆ, ಕೇಳಿಸ್ಕೊಳ್ಳೋದೂ ಕಲೀತಾರೆ.

ಬಳ್ಳಾರಿ ಬಿಸಿಲು

ಪೂರ್ಣ ವಾಕ್ಯದಲ್ಲಿ ಹೇಳಿಸ್ತೀರೋ ಇಲ್ವೋ? ನಾನು ಹೇಳಿಸ್ತೀನಿ. "ಕಲ್ಲು" ಅಂದ್ರೆ ಒಪ್ಪಲ್ಲ, "ಕಾಗೆಯು ಹೂಜಿಯೊಳಗೆ ಕಲ್ಲುಗಳನ್ನು ಹಾಕಿತು" ಅಂತಲೇ ಬರಬೇಕು.

ಪುತ್ತೂರು ಬೆಟ್ಟು

ನಿಮ್ಮನ್ನು ಯಾರಾದರೂ "ಊಟ ಆಯ್ತಾ?" ಅಂತ ಕೇಳಿದರೆ "ಹೌದು, ನನ್ನ ಊಟವು ಆಗಿದೆ" ಅಂತ ಹೇಳ್ತೀರಾ?

ಬಳ್ಳಾರಿ ಬಿಸಿಲು

ಶಾಲೆ ಬೇರೆ, ಬೀದಿ ಬೇರೆ.

ಕೆಂಪು ಪೆನ್ನು

ಬರೆಯೋವಾಗ ಪೂರ್ಣ ವಾಕ್ಯ ಬೇಕು, ಅಲ್ಲಿ ಬಳ್ಳಾರಿಯವರ ಕಡೆ ನಾನು. ಬಾಯಲ್ಲಿ ಹೇಳೋವಾಗ "ಕಲ್ಲು" ಸಾಕು. ಪೂರ್ಣ ವಾಕ್ಯ ಕಟ್ಟೋದರಲ್ಲೇ ಮಗುವಿನ ಗಮನ ಹೋದರೆ "ಯಾಕೆ" ಅನ್ನೋದಕ್ಕೆ ತಲೆಯಲ್ಲಿ ಜಾಗ ಉಳಿಯಲ್ಲ.

ಎಚ್.ಡಿ. ಕೋಟೆ ದಾರಿ

ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ ಬಗ್ಗೆ ಯಾರೂ ಹೇಳಲಿಲ್ಲ. 1995ರಲ್ಲಿ ನಮ್ಮ ತಾಲ್ಲೂಕಿನಲ್ಲೇ ಶುರುವಾದದ್ದು, ಟೀಚರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿ ಬಂದ ಮೇಲೆ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪಾಗಿ ಕೂರ್ತಾರೆ, ಕಾರ್ಡು, ಹಾಡು, ಮಾತು. ಟೀಚರ್ ಪಕ್ಕದಲ್ಲೇ ಕೂತಿರ್ತಾರೆ, ಮಗು ಸೆರಗು ಎಳೆದು ಪ್ರಶ್ನೆ ಕೇಳುತ್ತೆ. ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ಬೆಂಚು, ಸಾಲು, ಎದ್ದು ನಿಂತು ಹೇಳು. ಬೆಳಿಗ್ಗೆ ರಾಗವಾಗಿ ಗುಡ್ ಮಾರ್ನಿಂಗ್. ಮಾತಾಡ್ತಿದ್ದ ಮಕ್ಕಳೇ ಅಲ್ಲಿ ಸುಮ್ಮನಾಗೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಮಿಸ್, ನಿಮ್ಮ ಐದನೇ ಕ್ಲಾಸನ್ನು ವಾರಕ್ಕೆ ಒಂದು ಪೀರಿಯಡ್ ಆದರೂ ನೆಲದ ಮೇಲೆ ದುಂಡಗೆ ಕೂರಿಸಿ, ನೀವೂ ಕೂತು ಪಾಠ ಮಾಡಿ.

ಗಂಗಾವತಿ ಭತ್ತ

ನಲಿಕಲಿಯಲ್ಲೂ ಕಾರ್ಡು ಮುಗಿಸೋ ಓಟ ಇದೆ ಸ್ವಾಮಿ, ಎಲ್ಲ ಕಡೆ ನೀವು ಹೇಳಿದಷ್ಟು ಚಂದ ನಡೆಯಲ್ಲ. ಕೂರಿಸೋ ವಿಚಾರ ಮಾತ್ರ ಒಪ್ಪಿದೆ.

ಐದನೇ ಕ್ಲಾಸ್ ಮಿಸ್

ಇವತ್ತು ಮಾಡಿದೆ. ಬೇವಿನ ಮರದ ಕೆಳಗೆ ದುಂಡಗೆ ಕೂತೆವು. ಬೆಳಿಗ್ಗೆ ರಾಗದ ನಮಸ್ಕಾರ ಬೇಡ ಅಂದೆ, ಒಬ್ಬೊಬ್ಬರ ಹತ್ತಿರ ಹೋಗಿ ಬೇರೆ ಬೇರೆ ಕೇಳಿದೆ. "ನಿಮ್ಮ ಎಮ್ಮೆ ಕರು ಹಾಕ್ತಾ?", "ಕಾಲು ನೋವು ಕಮ್ಮಿ ಆಯ್ತಾ?" ಅಂತ. ಮೊದಲು ನಾಚಿಕೊಂಡರು. ಆಮೇಲೆ ಒಬ್ಬ "ನಿಮ್ದು ತಿಂಡಿ ಆಯ್ತಾ ಮಿಸ್?" ಅಂದ. ಉಪ್ಪಿಟ್ಟು ತಿಂದೆ ಅಂದೆ. "ನಮ್ಮ ಮನೇಲಿ ಯಾರೂ ಉಪ್ಪಿಟ್ಟು ತಿನ್ನಲ್ಲ ಮಿಸ್" ಅಂದ, ಅಲ್ಲಿಂದ ಯಾಕೆ ತಿನ್ನಲ್ಲ ಅಂತ ದೊಡ್ಡ ಚರ್ಚೆ. "ಯಾಕೆ" ಅನ್ನೋ ಪ್ರಶ್ನೆಗೆ ಎಷ್ಟ್ ಜನ ಉತ್ತರ ಹೇಳಿದರು ಗೊತ್ತಾ!

ಕಾಗೆ ಪ್ರಶ್ನೆಗೆ ಈ ಸಲ ಕಾದೆ. ಒಬ್ಬಳು "ಹೂಜಿ ಭಾರ ಇರುತ್ತೆ, ಕಾಗೆ ಹೆಂಗೆ ಉರುಳಿಸುತ್ತೆ?" ಅಂದಳು. ನೀರು ಚೆಲ್ಲುತ್ತೆ ಅನ್ನೋ ಉತ್ತರವನ್ನೇ ನಾನು ಕಾಯ್ತಿದ್ದೆ, ಇದು ನನಗೆ ಹೊಳೆದಿರಲಿಲ್ಲ.

ಸೀಮೆಸುಣ್ಣ

ಬಹಳ ಸಂತೋಷ ಆಯ್ತು ಮೇಡಂ. ಆ ಹುಡುಗಿಗೆ ನನ್ನ ಕಡೆಯಿಂದ ಭೇಷ್ ಅನ್ನಿ.

ಮಲೆನಾಡ ಮಳೆ

ಶಿರಾ ಮೇಷ್ಟ್ರೇ, ರಂಗಪ್ಪನ ನಾಲ್ಕು ಸಾಲು ನಾನು ನಮ್ಮ ತೀರ್ಥಹಳ್ಳಿ ಕಡೆ ಶಾಲೆಯಲ್ಲಿ ಬಳಸಬಹುದಾ?

ಶಿರಾ ಸೀಮೆ ಮೇಷ್ಟ್ರು

ಧಾರಾಳವಾಗಿ. ಆದ್ರೆ ಕುರಿ ತೆಗೆದು ಅಡಿಕೆ ಮೂಟೆ ಮಾಡಿ, ಸಂತೆ ತೆಗೆದು ಮಂಡಿ ಮಾಡಿ. ನಿಮ್ಮ ಮಕ್ಕಳಿಗೆ ಮಂಡಿಯ ಸಾಲ, ಮುಂಗಡ, ದರ ಬಿದ್ದಿದ್ದು ಎಲ್ಲ ಮನೆಯಲ್ಲಿ ಕೇಳಿ ಗೊತ್ತಿರುತ್ತೆ.

ಮಲೆನಾಡ ಮಳೆ

ಸರಿ ಸರ್. ನಮ್ಮ ಮಕ್ಕಳು ಮಂಗ, ಕೊಳೆರೋಗ ಎರಡನ್ನೂ ತಂದೇ ತರ್ತಾರೆ, ಬೆರಳಿಡೋಕೆ ಹೇಳ್ತೀನಿ. ಸೋಮವಾರ ಮಾಡಿಸಿ ಇಲ್ಲೇ ಬರೀತೀನಿ.